ಪಾರ್ಟಿಷನ್ ಟೇಬಲ್‌ನಲ್ಲಿ ಒತ್ತುವರಿ: ಒಂದು ಅಧ್ಯಯನ ಟಿಪ್ಪಣಿ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಕೊಠಡಿಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7, ಉಬುಂಟು ಎರಡೂ ನಡೆಯುತ್ತಿದ್ದವು. ಮೂರನೆಯದಕ್ಕೆ ಜಾಗ ಮಾಡೋಣವೆಂದು, ಡಿಸ್ಕನ್ನು ಭಾಗ ಮಾಡುವ ತಂತ್ರಾಂಶವಾದ ಜಿಪಾರ್ಟೆಡ್ ತೆರೆದರೆ ಇಡೀ ಡಿಸ್ಕ್ ಖಾಲಿ ಎಂದು ತೋರಿಸಿತು. 'ಹೊಸ ಟೇಬಲ್ ಮಾಡಿಬಿಡು' ಎಂದ ಗೆಳೆಯನ ಕೈಯಿಂದ ಮೌಸ್ ಕಿತ್ತುಕೊಂಡದ್ದೇ ಆ ದಿನದ ನನ್ನ ಜಾಣತನ.

ಪಾರ್ಟಿಷನ್ ಟೇಬಲ್ ಎಂದರೆ ಡಿಸ್ಕಿನ ಯಾವ ಭಾಗ ಎಲ್ಲಿಂದ ಶುರು, ಎಷ್ಟು ದೊಡ್ಡದು ಎಂದು ಬರೆದಿಟ್ಟ ಪಟ್ಟಿ. ಅದು ಪಹಣಿ, ಹೊಲವಲ್ಲ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಡಿಸ್ಕಿನ ಮೊದಲ ಸೆಕ್ಟರಿನ (ಡಿಸ್ಕನ್ನು ಅಳೆಯುವ ಚಿಕ್ಕ ತುಂಡು) 512 ಬೈಟುಗಳಲ್ಲಿ ಬರೀ 64 ಬೈಟು: ನಾಲ್ಕು ನಮೂದು, ತಲಾ 16 ಬೈಟು. ಪ್ರತಿ ನಮೂದಿನಲ್ಲಿ ಮುಖ್ಯವಾದವು ಎರಡು, ಆರಂಭದ ಸೆಕ್ಟರ್ ಮತ್ತು ಅಳತೆ. ಒಂದು ಹೊಲದ ಚಕ್ಕುಬಂದಿ ಪಕ್ಕದ ಹೊಲದೊಳಗೆ ನುಗ್ಗಿದಂತೆ ಬರೆದಿದ್ದರೆ ಜಿಪಾರ್ಟೆಡ್ ಇಡೀ ಪಹಣಿಯನ್ನೇ ನಂಬುವುದಿಲ್ಲ.

ನಮ್ಮಲ್ಲಿ ಆದದ್ದೂ ಅದೇ. ಸೆಕ್ಟರ್ ಲೆಕ್ಕದಲ್ಲಿ ವಿಂಡೋಸ್ ಭಾಗದ ಆರಂಭ 206848, ಅಳತೆ 209715200. ಎರಡನ್ನೂ ಕೂಡಿದರೆ 209922048. ಮುಂದಿನ ಭಾಗ ಅಲ್ಲಿಂದಾಚೆ ಶುರುವಾಗಬೇಕು. ಆದರೆ ಉಬುಂಟು ಭಾಗದ ಆರಂಭ 209920000. ಅಂದರೆ 2048 ಸೆಕ್ಟರ್, ಒಂದು ಎಂಬಿಯಷ್ಟು ಒತ್ತುವರಿ.

ಯಾರ ನಮೂದು ತಪ್ಪು? ಇಲ್ಲಿ ಊಹೆ ಮಾಡಬಾರದು, ಹೊಲವನ್ನೇ ಅಳೆಯಬೇಕು. ವಿಂಡೋಸ್ ತನ್ನ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನಲ್ಲಿ, ಅಂದರೆ ಆ ಭಾಗದ ಮೊದಲ ಸೆಕ್ಟರಿನಲ್ಲಿ, ತನ್ನ ಅಳತೆಯನ್ನು ತಾನೇ ಬರೆದುಕೊಂಡಿರುತ್ತದೆ. ಕೊನೆಯ ಒಂದು ಸೆಕ್ಟರನ್ನು ಬೂಟ್ ಸೆಕ್ಟರಿನ ನಕಲಿಗೆಂದು ಲೆಕ್ಕದಿಂದ ಬಿಡುತ್ತದೆ. ಅಲ್ಲಿದ್ದ ಸಂಖ್ಯೆ 209713151. ಒಂದು ಸೇರಿಸಿದರೆ 209713152, ಉಬುಂಟು ಭಾಗದ ಗಡಿಗೆ ಸರಿಯಾಗಿ ತಾಗುತ್ತದೆ. ಹೊಲ ಸರಿಯಾಗಿತ್ತು, ಪಹಣಿ ತಪ್ಪಿತ್ತು. ಆ ಸಂಖ್ಯೆ ಇದಕ್ಕಿಂತ ದೊಡ್ಡದಿದ್ದಿದ್ದರೆ ಟೇಬಲ್ ಮುಟ್ಟದೆ ಮೊದಲು ಕಡತಗಳನ್ನು ಬೇರೆಡೆಗೆ ಸಾಗಿಸುತ್ತಿದ್ದೆ.

ತಿದ್ದುವ ಕೆಲಸ ಚಿಕ್ಕದು. ಡಿಸ್ಕಿನ ನೆರವಿಲ್ಲದೆ ಲಿನಕ್ಸ್ ನಡೆಸುವ ಲೈವ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಚಾಲೂ ಮಾಡಿ, ಟೇಬಲನ್ನು ಓದಿ ಬರೆಯುವ ಆದೇಶವಾದ ಎಸ್‌ಎಫ್‌ಡಿಸ್ಕ್‌ನಿಂದ ಟೇಬಲನ್ನು ಪಠ್ಯ ಕಡತವಾಗಿ ಇಳಿಸಿಕೊಳ್ಳಬೇಕು. ಒಂದು ಪ್ರತಿಯನ್ನು ಮುಟ್ಟದೆ ಬೇರೆ ಪೆನ್‌ಡ್ರೈವ್‌ನಲ್ಲಿ ಇಡಬೇಕು. ಅದೇ ಡಿಸ್ಕಿನಲ್ಲಿ ಇಟ್ಟರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ. ಇನ್ನೊಂದು ಪ್ರತಿಯಲ್ಲಿ ವಿಂಡೋಸ್ ಭಾಗದ ಆ ಒಂದೇ ಅಳತೆಯನ್ನು 209713152 ಎಂದು ತಿದ್ದಿ, ಎಸ್‌ಎಫ್‌ಡಿಸ್ಕ್‌ಗೇ ಮರಳಿ ಉಣಿಸಬೇಕು.

ಹೊಸ ಕಂಪ್ಯೂಟರಿನವರ ಕಥೆ ಬೇರೆ. ಎಂಬಿಆರ್ ಬದಲಿಗೆ ಬಂದ ಜಿಪಿಟಿ ಪದ್ಧತಿಯಲ್ಲಿ ಡಿಸ್ಕಿನ ಕೊನೆಯಲ್ಲಿ ಟೇಬಲಿನ ಎರಡನೆಯ ಪ್ರತಿ ಇರುತ್ತದೆ. ಮೊದಲಿನದು ಕೆಟ್ಟರೆ, ಜಿಪಿಟಿ ಟೇಬಲ್ ತಿದ್ದುವ ತಂತ್ರಾಂಶವಾದ ಜಿಡಿಸ್ಕ್‌ನ ರಿಕವರಿ ಮೆನುವಿನಿಂದ ಅದನ್ನು ಎತ್ತಿಕೊಳ್ಳಬಹುದು.

ನಮ್ಮದಕ್ಕೆ, ಚಾಲೂ ಆಗುವಾಗ ವಿಂಡೋಸೋ ಉಬುಂಟುವೋ ಎಂದು ಆರಿಸಲು ಬಿಡುವ ಗ್ರಬ್ ಅನ್ನು ಮತ್ತೆ ಹಾಕುವ ಅಗತ್ಯವೂ ಬೀಳಲಿಲ್ಲ. ಭಾಗಗಳ ಕ್ರಮವಾಗಲಿ ಆರಂಭವಾಗಲಿ ಬದಲಾಗಿರಲಿಲ್ಲ.