ವೇನ್ ಎಕ್ಸ್‌ಪಾಂಡರ್‌ಗೆ ಟರ್ಬೈನ್ ಎನ್ನುವ ಚಾಳಿ

'ವ್ಯರ್ಥ ಶಾಖದಿಂದ ಕರೆಂಟು ಕೊಡುವ ಪುಟಾಣಿ ಟರ್ಬೈನ್' ಎಂದು ತಲೆಬರಹ ಕೊಟ್ಟು ಕೆಳಗೆ ವೇನ್ ಎಕ್ಸ್‌ಪಾಂಡರ್‌ನ ಚಿತ್ರ ಹಾಕುವುದು ಮಾಮೂಲಾಗಿಬಿಟ್ಟಿದೆ. ಮೊನ್ನೆ ಇನ್ನೊಂದು ಕಣ್ಣಿಗೆ ಬಿತ್ತು. ತಿರುಗುವುದೆಲ್ಲ ಟರ್ಬೈನೇ ಆದರೆ ದೋಸೆ ಹಿಟ್ಟು ರುಬ್ಬುವ ಗ್ರೈಂಡರೂ ಟರ್ಬೈನೇ.

ಒತ್ತಡದಲ್ಲಿರುವ ಆವಿಯನ್ನು ಹಿಗ್ಗಲು ಬಿಟ್ಟು, ಆ ಹಿಗ್ಗುವಿಕೆಯಿಂದ ಕೆಲಸ ತೆಗೆಯುವ ಯಂತ್ರಗಳಿಗೆಲ್ಲ ಎಕ್ಸ್‌ಪಾಂಡರ್ ಎಂಬುದು ಸಾಮಾನ್ಯ ಹೆಸರು. ಟರ್ಬೈನ್ ಅದರಲ್ಲಿ ಒಂದು ಜಾತಿ, ಜಾರುವ ಪಟ್ಟಿಗಳಿರುವ ವೇನ್ ಯಂತ್ರ ಬೇರೆಯದೇ ಜಾತಿ.

ಗೊಂದಲಕ್ಕೆ ಪದಗಳ ಪಾಲೂ ಇದೆ. ಟರ್ಬೈನ್ ಎಂಬ ಪದವನ್ನು 1822ರಲ್ಲಿ ಟಂಕಿಸಿದವನು ಫ್ರಾನ್ಸಿನ ಎಂಜಿನಿಯರ್ ಕ್ಲೋದ್ ಬ್ಯುರ್ದಾಂ. ಮೂಲ ಲ್ಯಾಟಿನ್ನಿನ 'ಟರ್ಬೊ'. ಬುಗುರಿ, ಸುಳಿ ಎಂದೆಲ್ಲ ಅರ್ಥ. ಬೇರನ್ನೇ ಹಿಡಿದು ಹೊರಟರೆ ತಿರುಗುವ ಯಾವುದಕ್ಕೂ ಒಪ್ಪುತ್ತದೆ, ಸರಿ. ಆದರೆ ಇನ್ನೂರು ವರ್ಷದ ಬಳಕೆಯಲ್ಲಿ ಅರ್ಥ ಗಟ್ಟಿಯಾಗಿದೆ: ರಭಸವಾಗಿ ಹರಿದುಬಂದ ನೀರೋ ಆವಿಯೋ ಬ್ಲೇಡುಗಳ ಮೇಲೆ ದಿಕ್ಕು ಬದಲಿಸುತ್ತ ಚಕ್ರ ತಿರುಗಿಸಬೇಕು. ಜಾತ್ರೆಯ ಗಿರಗಿಟ್ಟಲೆಗೆ ಗಾಳಿ ಬಡಿದ ಹಾಗೆ. ಇನ್ನು 'ವೇನ್' ಹಳೆಯ ಇಂಗ್ಲಿಷಿನ 'ಫಾನಾ'ದಿಂದ ಬಂದದ್ದು, ಬಾವುಟ ಎಂದು ಅರ್ಥ. ಜರ್ಮನ್ನಿನಲ್ಲಿ ಬಾವುಟಕ್ಕೆ ಇಂದಿಗೂ 'ಫಾನೆ'. ಗಾಳಿಯ ದಿಕ್ಕು ತೋರುವ ತಗಡಿಗೆ ಹತ್ತಿ, ಆಮೇಲೆ ಚಪ್ಪಟೆಯಾದ ಏನೇನಕ್ಕೋ ಹರಡಿತು. ಎಡವಟ್ಟು ಏನೆಂದರೆ, ಜೆಟ್ ಎಂಜಿನ್ನಿನ ಟರ್ಬೈನಿನೊಳಗೆ ಅಲುಗದೆ ನಿಂತಿರುವ ಬ್ಲೇಡುಗಳಿಗೂ ವೇನ್ ಎಂದೇ ಹೆಸರು. ಅದನ್ನು ಅಲ್ಲಿ ಓದಿದವರು ಇಲ್ಲಿಗೆ ಬಂದು, ವೇನ್ ಇದ್ದಮೇಲೆ ಟರ್ಬೈನೇ ಎಂದು ತೀರ್ಮಾನಿಸುತ್ತಾರೆ.

ನಮ್ಮ ಯಂತ್ರದ ವೇನ್ ಮಾಡುವ ಕೆಲಸವೇ ಬೇರೆ. ದುಂಡನೆಯ ಪೊಳ್ಳಿನೊಳಗೆ ರೋಟರನ್ನು ನಡುವಿಗಿಡದೆ ಒಂದು ಪಕ್ಕಕ್ಕೆ ಸರಿಸಿ ಕೂರಿಸಿರುತ್ತಾರೆ. ರೋಟರಿನಲ್ಲಿ ಸೀಳುಗಳು, ಸೀಳುಗಳಲ್ಲಿ ಒಳಕ್ಕೂ ಹೊರಕ್ಕೂ ಜಾರುವ ಪಟ್ಟಿಗಳು. ತಿರುಗುವಾಗ ಪಟ್ಟಿಗಳು ಹೊರಕ್ಕೆ ಚಿಮ್ಮಿ ಗೋಡೆಗೆ ಒತ್ತಿಕೊಳ್ಳುತ್ತವೆ, ಎರಡು ಪಟ್ಟಿಗಳ ನಡುವೆ ಒಂದೊಂದು ಕೋಣೆಯಾಗುತ್ತದೆ. ಕೋಣೆ ಚಿಕ್ಕದಿರುವ ಕಡೆ ಆವಿ ಒಳಗೆ, ದೊಡ್ಡದಾದ ಕಡೆ ಹೊರಗೆ. ಇಲ್ಲಿ ಆವಿಯ ವೇಗಕ್ಕೆ ಬೆಲೆಯಿಲ್ಲ. ಕೋಣೆಯಲ್ಲಿ ಸಿಕ್ಕಿಕೊಂಡ ಆವಿ ಪಟ್ಟಿಯನ್ನು ತಳ್ಳಿದರೆ ಆಯಿತು. ಹೊಸ ಸಂಶೋಧನೆ ಎಂದು ಬೀಗುವವರಿಗೆ: ಇಟಲಿಯ ಅಗೊಸ್ತಿನೊ ರಾಮೆಲ್ಲಿ ಇಂಥ ಪಂಪಿನ ಚಿತ್ರವನ್ನು 1588ರಲ್ಲೇ ಅಚ್ಚು ಹಾಕಿಸಿದ್ದ.

ಕಣ್ಣಾರೆ ನೋಡಬೇಕೆಂದರೆ ಟೈರ್ ಅಂಗಡಿಗೆ ಹೋಗಿ. ಚಕ್ರದ ನಟ್ಟು ಬಿಚ್ಚುವ ಗಾಳಿ ಗನ್ನಿನೊಳಗೆ ಸಾಮಾನ್ಯವಾಗಿ ಇರುವುದು ವೇನ್ ಮೋಟರ್. ಮೆಕ್ಯಾನಿಕ್ ಗಾಳಿ ಪೈಪು ಸಿಕ್ಕಿಸುವ ಮುಂಚೆ ಅದರ ಬಾಯಿಗೆ ಒಂದೆರಡು ಹನಿ ಎಣ್ಣೆ ಬಿಡುತ್ತಾನೆ. ಬಿಡದಿದ್ದರೆ ಪಟ್ಟಿಗಳು ಸೀಳಿನಲ್ಲೇ ಕಚ್ಚಿಕೊಂಡು, ಗಾಳಿಯೆಲ್ಲ ಬುಸ್ ಎಂದು ಹೋಗುತ್ತದೆ, ನಟ್ಟು ಮಾತ್ರ ಅಲುಗುವುದಿಲ್ಲ. ವೇನ್ ಎಕ್ಸ್‌ಪಾಂಡರ್‌ನ ಕಾಯಿಲೆಗಳೂ ಇವೇ: ಉಜ್ಜಾಟ, ಸಂದಿಯಲ್ಲಿ ಸೋರಿಕೆ, ಎಣ್ಣೆಯ ಹಂಗು. ಟರ್ಬೈನಿನ ಬ್ಲೇಡು ಗೋಡೆಯನ್ನು ಮುಟ್ಟುವುದೇ ಇಲ್ಲ.

ಲಾಭವೂ ಇಲ್ಲೇ ಇದೆ. ಒಂದೆರಡು ಕಿಲೋವ್ಯಾಟಿನ ಟರ್ಬೈನ್ ಚೆನ್ನಾಗಿ ಓಡಬೇಕೆಂದರೆ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಬೇಕಾಗುತ್ತದೆ. ವೇನ್ ಯಂತ್ರ 1500 ಅಥವಾ 3000 ಸುತ್ತಿನಲ್ಲೇ ನೆಮ್ಮದಿಯಾಗಿರುತ್ತದೆ, ಅಂದರೆ 50 ಹರ್ಟ್ಸ್‌ನ ಸಾದಾ ಜನರೇಟರಿಗೆ ನೇರ ಜೋಡಿಸಬಹುದು. ಆವಿಯಲ್ಲಿ ಸ್ವಲ್ಪ ಹನಿ ಬೆರೆತಿದ್ದರೂ ಸಹಿಸಿಕೊಳ್ಳುತ್ತದೆ. ಟರ್ಬೈನಿನ ಬ್ಲೇಡನ್ನು ಅದೇ ಹನಿಗಳು ಕೊರೆಯುತ್ತವೆ.

ಜಾಹೀರಾತುಗಳು ಹೇಳದ ಸಂಗತಿ ಹಿಗ್ಗುವ ಪ್ರಮಾಣದ್ದು. ಕೋಣೆ ಎಷ್ಟು ಪಟ್ಟು ದೊಡ್ಡದಾಗಬೇಕು ಎಂಬುದು ಯಂತ್ರ ಕಡೆಯುವಾಗಲೇ ನಿಗದಿಯಾಗಿಬಿಡುತ್ತದೆ. ಇಂಥ ಯಂತ್ರಗಳಿಗೆ ನೀರಿನ ಬದಲು ಕುದಿಸಿ ಆವಿ ಮಾಡುವ ಆರ್-245ಎಫ್‌ಎ ಎಂಬ ಗ್ಯಾಸನ್ನು ತೆಗೆದುಕೊಳ್ಳಿ. 90 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 10 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್), 40 ಡಿಗ್ರಿಯಲ್ಲಿ ಎರಡೂವರೆ. ಇದಕ್ಕೆ ಹೊಂದುವಂತೆ ಕಡೆದ ಯಂತ್ರಕ್ಕೆ 70 ಡಿಗ್ರಿಯ ಶಾಖ ಕೊಟ್ಟರೆ, ಆವಿ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗಿ, ಹೊರಬಾಯಿಯ ಒತ್ತಡಕ್ಕಿಂತ ಕೆಳಗಿಳಿದು, ಯಂತ್ರವನ್ನೇ ಹಿಂದಕ್ಕೆ ಎಳೆಯುತ್ತದೆ. ಇದೇ ಕೆಲಸಕ್ಕೆ ನೀರೇಕೆ ಬೇಡ ಎಂದು ಕೇಳುವವರಿಗೆ: 90 ಡಿಗ್ರಿಯಲ್ಲಿ ನೀರಾವಿಯ ಒತ್ತಡ 0.7 ಬಾರ್ ಅಷ್ಟೇ.

ಇಂಥ ಯಂತ್ರಗಳಿಗೆ ಊಡುವ ಶಾಖಕ್ಕೆ 'ಲೋ-ಗ್ರೇಡ್ ಶಾಖ' ಎನ್ನುತ್ತಾರೆ. ಹಾಗೆಂದರೆ ಕಡಿಮೆ ಶಾಖ ಎಂದಲ್ಲ, ಕಡಿಮೆ ಉಷ್ಣಾಂಶದ ಶಾಖ. ವ್ಯರ್ಥವಾಗುವುದೆಲ್ಲ ಲೋ-ಗ್ರೇಡ್ ಅಲ್ಲ: ಸಿಮೆಂಟ್ ಗೂಡಿನಿಂದ ಬರುವ ಮುನ್ನೂರು ಡಿಗ್ರಿ ದಾಟಿದ ಗಾಳಿಗೆ ನಿಜವಾದ ಟರ್ಬೈನ್ ಹಾಕುತ್ತಾರೆ. 90 ಡಿಗ್ರಿ ಶಾಖ, 30 ಡಿಗ್ರಿ ತಂಪು ಎಂದುಕೊಂಡರೆ ಕಾರ್ನೊ ಲೆಕ್ಕದ (ಆ ಎರಡು ಉಷ್ಣಾಂಶಗಳ ನಡುವೆ ಯಾವ ಯಂತ್ರವೂ ದಾಟಲಾಗದ ಮಿತಿಯ) ಗರಿಷ್ಠ ದಕ್ಷತೆ ಶೇ. 16.5. ಮೇ ತಿಂಗಳ ರಾಯಚೂರಿನಲ್ಲಿ ತಂಪಿನ ಬದಿಯೇ 45 ಡಿಗ್ರಿಗೆ ಏರಿದರೆ ಶೇ. 12.4. ಇದೂ ಪುಸ್ತಕದ ಲೆಕ್ಕ, ಕೈಗೆ ಶೇ. 5 ಬಂತೆಂದೇ ಇಟ್ಟುಕೊಳ್ಳಿ. ಆಗ 1 ಕಿಲೋವ್ಯಾಟ್ ಕರೆಂಟಿಗೆ 20 ಕಿಲೋವ್ಯಾಟ್ ಶಾಖ ಊಡಿ, 19ನ್ನು ಹೊರಗೆ ಸುರಿಯಬೇಕು. ಅಲಾಸ್ಕದ ಚೀನಾ (Chena, ದೇಶವಲ್ಲ, ಅಲ್ಲಿನ ಜಾಗದ ಹೆಸರು) ಬಿಸಿನೀರಿನ ಬುಗ್ಗೆಯಲ್ಲಿ 2006ರಿಂದ ಸುಮಾರು 74 ಡಿಗ್ರಿಯ ನೀರಿನಲ್ಲೇ ವಿದ್ಯುತ್ ತೆಗೆಯುತ್ತಿದ್ದಾರೆ, ನಿಜ. ಅಲ್ಲಿ ತಂಪು ಮಾಡಲು ಸುಮಾರು 4 ಡಿಗ್ರಿಯ ನೀರು ಸಿಗುತ್ತದೆ. ಅಂದಹಾಗೆ ಅಲ್ಲಿರುವುದು ಟರ್ಬೈನೇ, ಮೊದಲು ಹಾಕಿದ್ದು ಒಂದೊಂದೂ 200 ಕಿಲೋವ್ಯಾಟಿನದು. ಆ ಗಾತ್ರಕ್ಕೆ ವೇನ್ ಯಂತ್ರದ ಮಾತೇ ಇಲ್ಲ.

ಹಳೆಯ ಕಾರಿನ ಎ.ಸಿ.ಯ ವೇನ್ ಕಂಪ್ರೆಸರನ್ನು ಉಲ್ಟಾ ಓಡಿಸಿದರೆ ಎಕ್ಸ್‌ಪಾಂಡರ್ ಸಿದ್ಧ ಎನ್ನುವವರೂ ಇದ್ದಾರೆ. ತತ್ವ ಸರಿಯೇ. ಆದರೆ ಅದರ ಹೊರಬಾಯಿಯಲ್ಲಿರುವ ಒಮ್ಮುಖ ವಾಲ್ವನ್ನು ಮೊದಲು ಕೀಳಬೇಕು, ಇಲ್ಲದಿದ್ದರೆ ಆವಿ ಒಳಗೇ ನುಗ್ಗುವುದಿಲ್ಲ. ನಿಂತ ಯಂತ್ರದಲ್ಲಿ ಪಟ್ಟಿಗಳನ್ನು ಗೋಡೆಗೆ ಒತ್ತುವವರಿಲ್ಲವಾದ್ದರಿಂದ ಅವುಗಳ ಹಿಂದೆ ಸ್ಪ್ರಿಂಗನ್ನೋ ಒತ್ತಡದ ಎಣ್ಣೆಯನ್ನೋ ಕೊಡಬೇಕು.