ಮೂವತ್ತು ಡಾಲರ್ ತಕರಾರಿಗೆ ಕೋರ್ಟ್ ಬಾಗಿಲು ಮುಚ್ಚಿದ್ದು ಹೇಗೆ?

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಏಳನೇ ತಿದ್ದುಪಡಿಯಲ್ಲಿ ಒಂದು ಮೊತ್ತವಿದೆ: 20 ಡಾಲರ್. ಸಿವಿಲ್ ತಕರಾರು ಅದಕ್ಕಿಂತ ಜಾಸ್ತಿ ಬೆಲೆಯದ್ದಾದರೆ ಫೆಡರಲ್ ಕೋರ್ಟಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡದ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ಆ ಮೊತ್ತ ಇವತ್ತಿಗೂ ಬದಲಾಗಿಲ್ಲ. ಆದರೂ ಅಲ್ಲಿ ಮೊಬೈಲ್ ಕನೆಕ್ಷನ್ ತೆಗೆದುಕೊಂಡವರು, ಕೆಲಸಕ್ಕೆ ಸೇರಿದವರು ಎಷ್ಟೋ ಸಲ ಜಗಳ ಬಂದಾಗಲೇ ತಿಳಿಯುತ್ತಾರೆ, ತಾವು ಕೋರ್ಟಿಗೆ ಹೋಗುವ ಹಾಗಿಲ್ಲ ಅಂತ. ಇಲ್ಲಿಂದ ಹೋದ ನಮ್ಮವರೂ ಆಫರ್ ಲೆಟರ್ ಜೊತೆ ಬಂದ ಕಾಗದಗಳಿಗೆ ಸುಮ್ನೆ ಸಹಿ ಹಾಕಿರುತ್ತಾರಲ್ವಾ, ಅದರಲ್ಲೂ ಎಲ್ಲೋ ಒಂದು ಕಡೆ ‘ಆರ್ಬಿಟ್ರೇಷನ್’ ಅನ್ನುವ ಪದ ಕೂತಿರಬಹುದು.

ಆರ್ಬಿಟ್ರೇಷನ್ ಅಂದರೆ ಖಾಸಗಿ ಪಂಚಾಯ್ತಿ. ನ್ಯಾಯಾಧೀಶರ ಜಾಗದಲ್ಲಿ ಫೀ ಪಡೆಯುವ ಮಧ್ಯಸ್ಥಗಾರ. ಜ್ಯೂರಿ ಇಲ್ಲ, ಅಪೀಲಿಗೆ ಅವಕಾಶ ತೀರಾ ಕಡಿಮೆ. ಅರಳಿಕಟ್ಟೆಯ ಪಂಚಾಯ್ತಿಯಾದರೆ ಊರವರು ಸುತ್ತ ನಿಂತು ನೋಡುತ್ತಿದ್ದರು. ಇಲ್ಲಿ ಬಾಗಿಲು ಹಾಕಿರುತ್ತದೆ.

ಇದಕ್ಕೆ ದೇಶಮಟ್ಟದಲ್ಲಿ ಕಾನೂನಿನ ಬಲ ಬಂದಿದ್ದು 1925ರಲ್ಲಿ. ವ್ಯಾಪಾರಿಗಳೇ ಪಟ್ಟು ಹಿಡಿದು ಮಾಡಿಸಿಕೊಂಡ ಕಾನೂನು. ಸರಕು ಕೆಟ್ಟಿದೆ, ತಡವಾಗಿ ಬಂತು ಅನ್ನುವ ಜಗಳಕ್ಕೆ ವರ್ಷಗಟ್ಟಲೆ ಕೋರ್ಟ್ ಅಲೆಯುವುದು ಯಾರಿಗೆ ಬೇಕು? ವ್ಯಾಪಾರ ಬಲ್ಲವನೊಬ್ಬ ನೋಡಿ ಹೇಳಿದರೆ ಮುಗಿಯಿತು. ಸರಿಸಮಾನರ ನಡುವೆ ಇದು ಒಳ್ಳೆಯ ಏರ್ಪಾಡೇ. ಹಡಗು, ರೈಲ್ವೆ ಕೆಲಸಗಾರರ ಒಪ್ಪಂದಗಳನ್ನು ಆ ಕಾನೂನೇ ಹೊರಗಿಟ್ಟಿತ್ತು.

ಮುಂದಿನ ಐದಾರು ದಶಕ ಹೆಚ್ಚೇನೂ ಆಗಲಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನು ರಾಜ್ಯಗಳ ಕೋರ್ಟಿಗೂ ಅನ್ವಯ ಅಂದಿತು. 1991ರಲ್ಲಿ ವಯಸ್ಸಿನ ತಾರತಮ್ಯದ ದೂರು ಇದರೊಳಗೆ ಬಂತು. 2001ರಲ್ಲಿ ಸಾರಿಗೆಯವರನ್ನು ಬಿಟ್ಟು ಉಳಿದ ಕೆಲಸಗಾರರೂ ಬಂದರು. ಒಂದೊಂದೇ ತೀರ್ಪು ಓದಿದರೆ ‘ಸರಿ ಬಿಡು’ ಅನ್ನಿಸುತ್ತದೆ. ಸಾಲಾಗಿ ಓದಿದರೆ ಹಾಗನ್ನಿಸುವುದಿಲ್ಲ.

ಅಸಲು ತಿರುವು 2011ರದ್ದು. ಕ್ಯಾಲಿಫೋರ್ನಿಯಾದ ಗಂಡ ಹೆಂಡತಿ ಎಟಿ ಅಂಡ್ ಟಿ ಅನ್ನುವ ಫೋನ್ ಕಂಪನಿ ವಿರುದ್ಧ ಹೂಡಿದ ಕೇಸು. ಪ್ಲಾನ್ ತೆಗೆದುಕೊಂಡರೆ ಫೋನ್ ಫ್ರೀ ಅಂತ ಜಾಹೀರಾತಿತ್ತು. ಆ ಫ್ರೀ ಫೋನಿಗೆ 30.22 ಡಾಲರ್ ಸೇಲ್ಸ್ ಟ್ಯಾಕ್ಸ್ ಬಿತ್ತು. ಅವರದು ಒಂಟಿ ಕೇಸಾಗಿ ಉಳಿಯದೆ ಕ್ಲಾಸ್ ಆಕ್ಷನ್, ಅಂದರೆ ಒಂದೇ ದೂರಿನ ಅನೇಕರ ಪರವಾಗಿ ಒಟ್ಟಿಗೆ ಹೂಡುವ ಕೇಸಿನ ಜೊತೆ ಸೇರಿತು. ಆದರೆ ಒಪ್ಪಂದದ ಪ್ರಕಾರ ಆರ್ಬಿಟ್ರೇಷನ್‌ಗೇ ಬರಬೇಕು, ಅದೂ ಒಬ್ಬೊಬ್ಬರೇ ಬರಬೇಕು, ಗುಂಪು ಕಟ್ಟುವ ಹಾಗಿಲ್ಲ. ಇಂಥ ಷರತ್ತು ಅನ್ಯಾಯ ಅನ್ನುತ್ತಿತ್ತು ಕ್ಯಾಲಿಫೋರ್ನಿಯಾದ ಕಾನೂನು. ಸುಪ್ರೀಂ ಕೋರ್ಟ್ 5–4ರಲ್ಲಿ ಕಂಪನಿ ಪರ ನಿಂತಿತು. ನಿಜ, ಕಂಪನಿ ಗ್ರಾಹಕರಿಗೂ ಒಂದು ಅನುಕೂಲ ಬರೆದಿತ್ತು: ತಾನು ಕೊಡುತ್ತೇನೆ ಅಂದದ್ದಕ್ಕಿಂತ ಜಾಸ್ತಿ ಮಧ್ಯಸ್ಥಗಾರ ಕೊಡಿಸಿದರೆ ಕನಿಷ್ಠ 7,500 ಡಾಲರ್. ಆದರೆ ಮೂವತ್ತು ಡಾಲರ್ ವಾಪಸಿಗೆ ಅರ್ಜಿ ಬರೆದು, ರಜೆ ಹಾಕಿ ಹೋಗುವವರು ಎಷ್ಟು ಜನ?

‘ಒಬ್ಬೊಬ್ಬರೇ ಬನ್ನಿ’ ಅನ್ನುವ ಇದೇ ಲೆಕ್ಕ 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕೆಲಸಗಾರರ ಸಂಬಳದ ತಕರಾರಿಗೂ ಬಂತು.

ಆಮೇಲೆ ಒಂದು ತಮಾಷೆ ನಡೆಯಿತು. ‘ಒಬ್ಬೊಬ್ಬರೇ ಬನ್ನಿ’ ಅಂದಿದ್ದಕ್ಕೆ ಜನ ನಿಜವಾಗಿಯೂ ಒಬ್ಬೊಬ್ಬರೇ ಬಂದರು, ಸಾವಿರಗಟ್ಟಲೆ! ಊಟ ತಲುಪಿಸುವ ಡೋರ್‌ಡ್ಯಾಶ್‌ನ ಐದು ಸಾವಿರಕ್ಕೂ ಹೆಚ್ಚು ಡೆಲಿವರಿಯವರು ಬೇರೆ ಬೇರೆ ಅರ್ಜಿ ಹಾಕಿದರು. ಒಪ್ಪಂದದಂತೆ ಒಂದೊಂದು ಅರ್ಜಿಗೆ ಕಂಪನಿ 1,900 ಡಾಲರ್ ಫೀ ಕಟ್ಟಬೇಕಿತ್ತು. ಕಂಪನಿ ಹಿಂಜರಿಯಿತು. ನೀವೇ ಬರೆದ ಷರತ್ತು, ಪಾಲಿಸಿ ಅಂತ 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆದೇಶಿಸಿದರು.

2021ರಲ್ಲಿ ಅಮೆಜಾನ್ ಗ್ರಾಹಕರ ಒಪ್ಪಂದದಿಂದ ಆರ್ಬಿಟ್ರೇಷನ್ ಷರತ್ತನ್ನೇ ತೆಗೆದುಹಾಕಿತು. 2022ರ ಕಾನೂನು ಲೈಂಗಿಕ ಕಿರುಕುಳದ ದೂರು ಕೊಟ್ಟವರಿಗೆ ಕೋರ್ಟಿಗೆ ಹೋಗುವ ಆಯ್ಕೆ ಮರಳಿಸಿತು. ಬೇರೆ ಕೆಲವು ಕಂಪನಿಗಳು ಷರತ್ತು ಬಿಡಲಿಲ್ಲ, ತಿದ್ದಿಕೊಂಡವು. ಸಾವಿರ ಅರ್ಜಿ ಬಂದರೂ ಮೊದಲು ಕೆಲವನ್ನೇ ಕೈಗೆತ್ತಿಕೊಳ್ಳುತ್ತೇವೆ, ಉಳಿದವರು ಕಾಯಲಿ ಅನ್ನುವ ತಿದ್ದುಪಡಿ. ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್‌ನ ಅಂಥ ಷರತ್ತನ್ನು 2024ರಲ್ಲಿ ಒಂಬತ್ತನೇ ಸರ್ಕ್ಯೂಟ್ (ಪಶ್ಚಿಮದ ರಾಜ್ಯಗಳ) ಫೆಡರಲ್ ಅಪೀಲು ಕೋರ್ಟ್ ಒಪ್ಪಲಿಲ್ಲ.