ಹೊಗೆ ಹೋಗೋದು ಗಾಳಿಗೆ, ಕೇಳೋದು ಸಮುದ್ರದ ಕಾನೂನು!

ಪ್ರಶ್ನೆ: ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ 1982ರದ್ದು. ಅದರಲ್ಲಿ ಹವಾಮಾನ ಬದಲಾವಣೆ ಅನ್ನೋ ಮಾತೇ ಇಲ್ಲವಂತೆ. ಮತ್ತೆ ಸಮುದ್ರ ಬಿಸಿಯಾಗುತ್ತಿರುವುದಕ್ಕೆ ಆ ಕಾನೂನಿನಡಿ ದೇಶಗಳನ್ನು ಹೊಣೆ ಮಾಡೋಕೆ ಆಗುತ್ತಾ?

ಮಾತು ಇಲ್ಲ, ನಿಜ. ಹೊಣೆ ಮಾತ್ರ ಇದೆ. ಅದು ಬಂದದ್ದು ಮೊದಲನೇ ವಿಧಿಯ ಒಂದು ಪುಟ್ಟ ವ್ಯಾಖ್ಯೆಯಿಂದ. ಮನುಷ್ಯ ನೇರವಾಗಿಯೋ ಪರೋಕ್ಷವಾಗಿಯೋ ಸಮುದ್ರಕ್ಕೆ ಸೇರಿಸಿ ಹಾನಿ ಮಾಡುವ ‘ವಸ್ತು ಅಥವಾ ಶಕ್ತಿ’ಯೇ ಮಾಲಿನ್ಯ ಅನ್ನುತ್ತದೆ ಅದು. ಆಗಿನ ಕಾಲಕ್ಕೆ ಮಾಲಿನ್ಯ ಅಂದರೆ ತೈಲ ಸೋರಿಕೆ, ಚರಂಡಿ ನೀರು, ಹಡಗಿನಿಂದ ಎಸೆದ ಕಸ. ಈಗ ಅದೇ ಮಾತನ್ನು ಇಂಗಾಲದ ಡೈಆಕ್ಸೈಡ್ ಪಕ್ಕ ಇಟ್ಟು ನೋಡಿ. ನಾವು ಬಿಡುವ ಈ ಅನಿಲದ ಸುಮಾರು ಕಾಲು ಭಾಗ ಸಮುದ್ರಕ್ಕೆ ಇಳಿಯುತ್ತದೆ. ನೀರಿಗೆ ಸೇರಿ ಆಮ್ಲವಾಗುತ್ತದೆ, ಹವಳ, ಸಿಂಪಿಯಂಥ ಜೀವಿಗಳಿಗೆ ಚಿಪ್ಪು ಕಟ್ಟೋದೇ ಕಷ್ಟವಾಗುತ್ತದೆ. ಇದು ‘ವಸ್ತು’. ಇನ್ನು ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಜಾಸ್ತಿ ಪಾಲು ಸಮುದ್ರದ ಹೊಟ್ಟೆ ಸೇರಿದೆ. ಅದು ‘ಶಕ್ತಿ’.

ಈ ವಾದ ಹಿಡಿದು ಹೊರಟಿದ್ದು ದೊಡ್ಡ ದೇಶಗಳಲ್ಲ. ಟುವಾಲು, ಆಂಟಿಗುವಾ-ಬಾರ್ಬುಡಾ ಎಂಬ ದ್ವೀಪ ದೇಶಗಳು 2021ರಲ್ಲಿ ಇದಕ್ಕೆಂದೇ ಒಂದು ಆಯೋಗ ಕಟ್ಟಿದವು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2024ರ ಮೇ 21ರಂದು ಆ ಆಯೋಗದ ಪ್ರಶ್ನೆಗೆ ಒಮ್ಮತದ ಉತ್ತರ ಕೊಟ್ಟಿತು: ಮನುಷ್ಯ ಬಿಡುವ ಹಸಿರುಮನೆ ಅನಿಲ ಸಮುದ್ರ ಮಾಲಿನ್ಯವೇ, ಅದನ್ನು ತಗ್ಗಿಸಲು ಬೇಕಾದ ಕ್ರಮಗಳನ್ನೆಲ್ಲ ದೇಶಗಳು ತೆಗೆದುಕೊಳ್ಳಲೇಬೇಕು.

ಹವಾಮಾನ ಬದಲಾವಣೆ ತಡೆಯೋಕೆಂದೇ ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದ ಪಾಲಿಸಿದರೆ ಸಾಕಲ್ವಾ? ಸಾಲದು ಅಂದಿತು ನ್ಯಾಯಮಂಡಳಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಮಾತು ಇದೇ. ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ. ಇಲ್ಲಿ ಹಾಗಲ್ಲ, ಯಾವ ಕ್ರಮ ಬೇಕು ಅನ್ನೋದಕ್ಕೆ ವಿಜ್ಞಾನವನ್ನೂ ನೋಡಬೇಕು. ಬಡ ದೇಶಕ್ಕೂ ಶ್ರೀಮಂತ ದೇಶಕ್ಕೂ ಹೊರೆ ಮಾತ್ರ ಒಂದೇ ಅಲ್ಲ.

ಹಾಗಂತ ನಾಳೆಯೇ ಯಾರಿಗೋ ದಂಡ ಬೀಳುತ್ತದೆ ಅಂದುಕೊಳ್ಳಬೇಡಿ. ಇದು ಸಲಹಾ ಅಭಿಪ್ರಾಯ, ಯಾರ ವಿರುದ್ಧವೂ ಕೊಟ್ಟ ತೀರ್ಪಲ್ಲ. ಅಮೆರಿಕವಂತೂ 1982ರ ಒಪ್ಪಂದಕ್ಕೆ ಸೇರಿಯೇ ಇಲ್ಲ. ಆದರೂ 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇದೇ ದಾರಿ ಹಿಡಿಯಿತು. ಜೊತೆಗೆ ದ್ವೀಪದವರಿಗೆ ನಿರಾಳವಾಗುವ ಇನ್ನೊಂದು ಮಾತನ್ನೂ ಹೇಳಿತು. ತೀರದಿಂದ 200 ನಾಟಿಕಲ್ ಮೈಲಿವರೆಗೆ ಮೀನಿನ ಮೇಲೆ ಆಯಾ ದೇಶಕ್ಕೆ ಹಕ್ಕಿರುತ್ತದೆ. ಸಮುದ್ರ ಏರಿ ತೀರ ಹಿಂದೆ ಸರಿದರೂ, ನಿಯಮದಂತೆ ಒಮ್ಮೆ ಗುರುತು ಮಾಡಿದ ಆ ಅಳತೆ ಶುರುವಾಗುವ ಗೆರೆಯನ್ನು ಬದಲಿಸಬೇಕಾಗಿಲ್ಲ. ಇಲ್ಲದಿದ್ದರೆ ನೆಲದ ಜೊತೆ ಮೀನೂ ಕೈ ಬಿಟ್ಟು ಹೋಗುತ್ತಿತ್ತು.